ಮೈಟ್ರಲ್ ಕವಾಟ: ಬಲೂನೋ, ರಿಪೇರಿಯೋ, ಹೊಸ ವಾಲ್ವೋ?

ಪ್ರಶ್ನೆ: ನನ್ನ ಹೆಂಡತಿಗೆ 28 ವರ್ಷ. ಒಂದು ಬಿಂದಿಗೆ ನೀರು ತರುವಷ್ಟರಲ್ಲಿ ಏದುಸಿರು ಬರುತ್ತದೆ, ರಾತ್ರಿ ಎರಡು ದಿಂಬು ಇಟ್ಟುಕೊಳ್ಳದೆ ಮಲಗಲು ಆಗುವುದಿಲ್ಲ. ಎಕೋ ರಿಪೋರ್ಟಿನಲ್ಲಿ ‘ಸಿವಿಯರ್ ಎಂಎಸ್, ಎಂವಿಎ 0.8, ವಿಲ್ಕಿನ್ಸ್ ಸ್ಕೋರ್ 7, ಮೈಲ್ಡ್ ಎಂಆರ್’ ಎಂದಿದೆ. ಡಾಕ್ಟರು ಬಲೂನ್ ಮಾಡೋಣ ಎನ್ನುತ್ತಾರೆ. ನಮ್ಮ ಮಾವ ಮಾತ್ರ ‘ಬಲೂನ್ ತಾತ್ಕಾಲಿಕ, ಎದೆ ತೆರೆದು ಆಪರೇಷನ್ ಮಾಡಿಸಿದರೆ ಶಾಶ್ವತ’ ಎಂದು ಪಟ್ಟು ಹಿಡಿದಿದ್ದಾರೆ. ಯಾರ ಮಾತು ಕೇಳಲಿ?
— ಓದುಗರು, ಹಿರಿಯೂರು

ಉತ್ತರ: ಈ ರಿಪೋರ್ಟಿಗೆ ಬಲೂನೇ ಸರಿ. ತಡ ಮಾಡಬೇಡಿ.

ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಎರಡು ಎಸಳಿನ ಬಾಗಿಲೇ ಮೈಟ್ರಲ್ ಕವಾಟ. ಆರೋಗ್ಯವಂತರಲ್ಲಿ ಅದು 4ರಿಂದ 6 ಚದರ ಸೆಂ.ಮೀ. ತೆರೆದುಕೊಳ್ಳುತ್ತದೆ. 1.5ಕ್ಕೆ ಇಳಿದರೆ ತೀವ್ರ, 1ಕ್ಕಿಂತ ಕಡಿಮೆಯಾದರೆ ಅತಿ ತೀವ್ರ. ನಿಮ್ಮ ಪತ್ನಿಯವರದು 0.8, ರಿಪೋರ್ಟಿನ ‘ಎಂವಿಎ’ ಅದೇ. ‘ಎಂಎಸ್’ ಎಂದರೆ ಮೈಟ್ರಲ್ ಕವಾಟ ಕಿರಿದಾಗಿರುವುದು, ‘ಎಂಆರ್’ ಎಂದರೆ ಅದು ಸೋರುವುದು. ಚಿಕ್ಕಂದಿನಲ್ಲಿ ಗಂಟಲು ನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರದಿಂದ ಎಸಳುಗಳ ಅಂಚು ಎರಡೂ ಮೂಲೆಗಳಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ರಕ್ತ ಕೆಳಗಿಳಿಯಲಾಗದೆ ಮೇಲಿನ ಕೋಣೆಯಲ್ಲಿ ಒತ್ತಡ ಏರುತ್ತದೆ, ಅದು ಹಿಂದಕ್ಕೆ ಶ್ವಾಸಕೋಶವನ್ನು ಮುಟ್ಟುತ್ತದೆ. ಮಲಗಿದಾಗ ಉಸಿರು ಕಟ್ಟುವುದು ಇದರಿಂದಲೇ.

ವಿಲ್ಕಿನ್ಸ್ ಸ್ಕೋರ್ ಎಂದರೆ ಕವಾಟದ ಅಂಕಪಟ್ಟಿ. ಎಸಳು ಎಷ್ಟು ಅಲುಗಾಡುತ್ತದೆ, ಎಷ್ಟು ದಪ್ಪವಾಗಿದೆ, ಎಷ್ಟು ಸುಣ್ಣ ಕಟ್ಟಿದೆ, ಕೆಳಗಿನ ದಾರಗಳು ಎಷ್ಟು ಕೂಡಿಕೊಂಡಿವೆ ಎಂಬ ನಾಲ್ಕಕ್ಕೂ 1ರಿಂದ 4 ಅಂಕ. ಇಲ್ಲಿ ಕಡಿಮೆ ಅಂಕ ಬಂದಷ್ಟೂ ಒಳ್ಳೆಯದು. ಒಟ್ಟು 8ರೊಳಗಿದ್ದರೆ ಬಲೂನಿಗೆ ಹೇಳಿಮಾಡಿಸಿದ ಕವಾಟ.

ಮಾವನವರ ಅನುಮಾನಕ್ಕೆ ಹೈದರಾಬಾದಿನಲ್ಲಿ ಉತ್ತರವಿದೆ. ಅಲ್ಲಿನ ನಿಜಾಮ್ಸ್ ಇನ್‌ಸ್ಟಿಟ್ಯೂಟಿನಲ್ಲಿ 60 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಬಲೂನ್, ಇನ್ನೊಂದಕ್ಕೆ ಎದೆ ತೆರೆದು ಅಂಟು ಬಿಡಿಸುವ ಶಸ್ತ್ರಚಿಕಿತ್ಸೆ ಮಾಡಿದ್ದರು. 1994ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂರು ವರ್ಷದ ನಂತರ ಬಲೂನ್ ಗುಂಪಿನವರ ಕವಾಟವೇ ಹೆಚ್ಚು ತೆರೆದಿತ್ತು. ಎರಡರಲ್ಲೂ ಆಗುವ ಕೆಲಸ ಒಂದೇ: ಅಂಟಿದ ಮೂಲೆ ಬಿಡಿಸುವುದು. ಮೃದುವಾದ ಕವಾಟದಲ್ಲಿ ಅದಕ್ಕಾಗಿ ಎದೆ ಮೂಳೆ ಸೀಳಬೇಕಾಗಿಲ್ಲ.

ಮೊದಲು ಗಂಟಲಿನ ಮೂಲಕ ಮಾಡುವ ಎಕೋ ಆಗಬೇಕು. ಮೇಲಿನ ಕೋಣೆಯ ಮೂಲೆಚೀಲದಲ್ಲಿ ಹೆಪ್ಪು ಇದ್ದರೆ ಎದೆಯ ಮೇಲಿಂದ ಮಾಡುವ ಎಕೋದಲ್ಲಿ ಕಾಣದೆ ಹೋಗಬಹುದು. ತಂತಿ ತಗುಲಿ ಆ ಹೆಪ್ಪು ಜಾರಿದರೆ ನೇರ ಮಿದುಳಿಗೆ, ಅಂದರೆ ಪಾರ್ಶ್ವವಾಯು. ಹೆಪ್ಪು ಕಂಡರೆ ಎರಡು ಮೂರು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟು, ಮತ್ತೆ ನೋಡಿ ಮುಂದುವರಿಯುತ್ತಾರೆ.

ಕ್ಯಾಥ್‌ಲ್ಯಾಬಿನಲ್ಲಿ ಬಲ ತೊಡೆಸಂದಿಗೆ ಮಾತ್ರ ಮರಗಟ್ಟಿಸುವ ಚುಚ್ಚುಮದ್ದು. ಅಲ್ಲಿನ ಅಭಿಧಮನಿಯಿಂದ ನಳಿಕೆ ಹೃದಯದ ಬಲ ಮೇಲಿನ ಕೋಣೆ ಸೇರುತ್ತದೆ. ಎಡಕ್ಕೆ ದಾಟಲು ನಡುಗೋಡೆಯ ತೆಳುವಾದ ಜಾಗದಲ್ಲಿ ಸೂಜಿಯಿಂದ ರಂಧ್ರ ಮಾಡಬೇಕು. ಇಡೀ ಕೆಲಸದಲ್ಲಿ ಕೈ ಪಳಗಿರಬೇಕಾದ ಘಟ್ಟ ಇದೇ. ಸೂಜಿ ಜಾಗ ತಪ್ಪಿ ಹೃದಯದ ಹೊರಗೋಡೆ ತೂತಾದರೆ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ ಹೃದಯವನ್ನು ಅದುಮುತ್ತದೆ, ಕೂಡಲೇ ಸೂಜಿ ಹಾಕಿ ಹೊರತೆಗೆಯಬೇಕಾಗುತ್ತದೆ. ದಾಟಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ರಂಧ್ರ ಹಿಗ್ಗಿಸಿ, ಬಲೂನನ್ನು ಒಳಕ್ಕೆ ಬಿಡುತ್ತಾರೆ.

ಜಪಾನಿನ ಶಸ್ತ್ರವೈದ್ಯ ಕಂಜಿ ಇನೌಯೆ 1982ರಲ್ಲಿ ಮೊದಲು ಬಳಸಿದ ಬಲೂನ್ ಇದು. ಇದರ ಜಾಣ್ಮೆ ಉಬ್ಬುವ ಕ್ರಮದಲ್ಲಿದೆ. ಮೊದಲು ಮುಂಭಾಗ ಮಾತ್ರ ಕವಾಟದ ಕೆಳಗೆ ಉಬ್ಬುತ್ತದೆ. ಹಿಂದಕ್ಕೆಳೆದಾಗ ಅದು ಕವಾಟಕ್ಕೆ ತಾಗಿ ನಿಲ್ಲುತ್ತದೆ. ನಂತರ ಹಿಂಭಾಗ ಉಬ್ಬಿ ಕವಾಟ ನಡುವೆ ಸಿಕ್ಕಿಕೊಳ್ಳುತ್ತದೆ, ಬಲೂನ್ ಆಗ ಡಮರುವಿನಂತೆ ಕಾಣುತ್ತದೆ. ಕೊನೆಗೆ ಆ ಸೊಂಟ ಬಿಚ್ಚಿಕೊಂಡಾಗ ಅಂಟಿದ ಮೂಲೆಗಳು ಸೀಳಿಕೊಳ್ಳುತ್ತವೆ. ಎಲ್ಲ ಕೆಲವೇ ಸೆಕೆಂಡಿನ ಕೆಲಸ.

ಅಳತೆಗೆ ಒಂದು ಸರಳ ಲೆಕ್ಕವಿದೆ: ಸೆಂ.ಮೀ. ಎತ್ತರವನ್ನು 10ರಿಂದ ಭಾಗಿಸಿ 10 ಕೂಡಿಸಿದರೆ ಬಲೂನಿನ ಗರಿಷ್ಠ ಅಗಲ ಮಿ.ಮೀ.ನಲ್ಲಿ ಸಿಗುತ್ತದೆ. ನಿಮ್ಮ ಪತ್ನಿ 150 ಸೆಂ.ಮೀ. ಇದ್ದರೆ 25 ಮಿ.ಮೀ. ಆದರೆ ಒಂದೇ ಸಲ ಅಷ್ಟಕ್ಕೆ ಹೋಗುವುದಿಲ್ಲ. 2 ಮಿ.ಮೀ. ಕಡಿಮೆಯಿಂದ ಶುರು ಮಾಡಿ, ಪ್ರತಿ ಸಲವೂ ಒತ್ತಡ ಅಳೆದು, ಎಕೋದಲ್ಲಿ ಸೋರಿಕೆ ಹೆಚ್ಚಿತೇ ನೋಡಿ, ಬೇಕಿದ್ದರೆ ಒಂದೊಂದೇ ಮಿ.ಮೀ. ಏರಿಸುತ್ತಾರೆ. ಆತುರಪಟ್ಟರೆ ಮೂಲೆ ಬಿಡುವ ಬದಲು ಎಸಳೇ ಹರಿಯಬಹುದು, ಆಗ ತುರ್ತು ಆಪರೇಷನ್ ಅನಿವಾರ್ಯ. ಇಂಥದ್ದು ನೂರರಲ್ಲಿ ಕೆಲವರಿಗೆ ಮಾತ್ರ ಆಗುತ್ತದೆ. ಆದರೂ ಶಸ್ತ್ರವೈದ್ಯರ ತಂಡ ಇರುವ ಆಸ್ಪತ್ರೆಯಲ್ಲೇ ಮಾಡಿಸಿ. ನಡುಗೋಡೆಯ ಸಣ್ಣ ರಂಧ್ರ ಹೆಚ್ಚಿನವರಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಕವಾಟ 1.5 ದಾಟಿ ತೆರೆದು, ಸೋರಿಕೆ ಹೆಚ್ಚದಿದ್ದರೆ ಅದು ಗೆಲುವು. ಒಂದೆರಡು ದಿನದಲ್ಲಿ ಮನೆಗೆ ಬರುತ್ತಾರೆ. ವರ್ಷಗಳು ಕಳೆದ ಮೇಲೆ ಕವಾಟ ಮತ್ತೆ ಕಿರಿದಾಗಬಹುದು, ಅಷ್ಟರ ಮಟ್ಟಿಗೆ ಮಾವನವರ ಮಾತು ನಿಜ. ಆದರೆ ಕವಾಟ ಆಗಲೂ ಮೃದುವಾಗಿದ್ದರೆ ಇನ್ನೊಮ್ಮೆ ಬಲೂನ್ ಮಾಡಬಹುದು. ಖರ್ಚಿನ ಚಿಂತೆಯಿದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯ ಬಗ್ಗೆ ಮೊದಲೇ ವಿಚಾರಿಸಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಬಲೂನ್ ಕೆಲಸಕ್ಕೆ ಹೆಸರಾದದ್ದು. ಮೈಸೂರು, ಕಲಬುರಗಿಯಲ್ಲೂ ಅದರ ಆಸ್ಪತ್ರೆಗಳಿವೆ.

ಪ್ರಶ್ನೆ: ನನ್ನ ತಾಯಿಗೆ 52. ಅವರಿಗೂ ಕವಾಟ ಕಿರಿದಾಗಿದೆ. ಆದರೆ ಬಲೂನ್ ಆಗುವುದಿಲ್ಲ, ವಾಲ್ವೇ ಬದಲಿಸಬೇಕು ಎಂದಿದ್ದಾರೆ. ಸ್ಕೋರ್ 12 ಅಂತೆ. ಲೋಹದ್ದೋ, ಟಿಶ್ಯೂ ವಾಲ್ವೋ ಎಂದು ನಮ್ಮನ್ನೇ ಕೇಳುತ್ತಿದ್ದಾರೆ.
— ಓದುಗರು, ಗಂಗಾವತಿ

ಉತ್ತರ: ಸುಣ್ಣ ಕಟ್ಟಿ ಗಟ್ಟಿಯಾದ ಕವಾಟಕ್ಕೆ ಬಲೂನ್ ಹಾಕಿದರೆ ಅಂಟಿದ ಜಾಗ ಬಿಡುವುದಿಲ್ಲ, ದುರ್ಬಲವಾದ ಜಾಗ ಹರಿಯುತ್ತದೆ. ನಿಮ್ಮ ವೈದ್ಯರ ಸಲಹೆ ಸರಿಯಾಗಿದೆ.

ಲೋಹದ ವಾಲ್ವ್ ಎಂದು ಜನ ಕರೆಯುವ ಯಾಂತ್ರಿಕ ಕವಾಟ ಸವೆಯುವುದಿಲ್ಲವೆನ್ನಬಹುದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿ 1990ರಲ್ಲಿ ಮೊದಲು ಅಳವಡಿಸಿದ ಚಿತ್ರಾ ವಾಲ್ವ್ ಕೂಡ ಈ ಜಾತಿಯದೇ, ಓರೆಯಾಗಿ ತೆರೆಯುವ ಒಂದೇ ಬಿಲ್ಲೆಯದು. ಆದರೆ ಬದುಕಿರುವವರೆಗೂ ರಕ್ತ ತೆಳುವಾಗಿಸುವ ಅಸಿಟ್ರಾಮ್ ಅಥವಾ ವಾರ್ಫರಿನ್ ಮಾತ್ರೆ ಬೇಕು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆಯಾದ ಐಎನ್‌ಆರ್ 2.5ರಿಂದ 3.5ರ ನಡುವೆ ಇರಬೇಕು. ಹಸು ಅಥವಾ ಹಂದಿಯ ಅಂಗಾಂಶದ ಕವಾಟವೊಂದಕ್ಕೇ ಅಷ್ಟು ಕಾಲ ಮಾತ್ರೆ ಬೇಕಿಲ್ಲ, ಆದರೆ ಅದು ಸಾಮಾನ್ಯವಾಗಿ 10–15 ವರ್ಷದಲ್ಲಿ ಸವೆಯುತ್ತದೆ, ವಯಸ್ಸು ಚಿಕ್ಕದಾದಷ್ಟೂ ಬೇಗ. 52ಕ್ಕೆ ಸಾಮಾನ್ಯವಾಗಿ ಯಾಂತ್ರಿಕ ಕವಾಟದ ಕಡೆಗೇ ತಕ್ಕಡಿ ವಾಲುತ್ತದೆ. ತೀರ್ಮಾನಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ತಿಂಗಳಿಗೊಮ್ಮೆಯಾದರೂ ಐಎನ್‌ಆರ್ ಪರೀಕ್ಷೆ ಮಾಡಿಸಲು ಸಾಧ್ಯವೇ? ಹತ್ತಿರದಲ್ಲಿ ಲ್ಯಾಬ್ ಇಲ್ಲ, ಕರೆದೊಯ್ಯುವವರೂ ಇಲ್ಲ ಎಂದಾದರೆ ಅದನ್ನು ಸಂಕೋಚವಿಲ್ಲದೆ ಶಸ್ತ್ರವೈದ್ಯರಿಗೆ ಹೇಳಿ. ಆಗ ಟಿಶ್ಯೂ ಕವಾಟವೇ ಮೇಲಾಗಬಹುದು.

ಯಾಂತ್ರಿಕ ಕವಾಟ ಹಾಕಿಸಿದ ಮೇಲೆ ‘ಟಿಕ್ ಟಿಕ್’ ಸದ್ದಿಗೆ ಮನೆಯವರು ಒಗ್ಗಿಕೊಳ್ಳುತ್ತಾರೆ. ಆ ಸದ್ದು ಮಂಕಾಗಿ, ಜೊತೆಗೆ ಏದುಸಿರು ಬಂದರೆ ಕವಾಟಕ್ಕೆ ಹೆಪ್ಪು ಸಿಕ್ಕಿಕೊಂಡಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ, ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ. ಸೊಪ್ಪು ಈ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ, ಹಾಗೆಂದು ಸೊಪ್ಪು ಬಿಡಬೇಕಾಗಿಲ್ಲ. ಒಂದು ವಾರ ದಿನವೂ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಎಂಬ ಏರುಪೇರು ಬೇಡ, ಅಷ್ಟೇ. ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ನುಂಗಬಾರದು, ರಕ್ತಸ್ರಾವವಾಗಬಹುದು. ಮಾತ್ರೆ ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು.

ಪ್ರಶ್ನೆ: ನನಗೆ 58 ವರ್ಷ. ಕವಾಟ ಸೋರುತ್ತಿದೆ, ‘ಪಿ2 ಪ್ರೊಲ್ಯಾಪ್ಸ್’ ಎಂದಿದ್ದಾರೆ. ಅಂಥ ಸುಸ್ತೇನೂ ಇಲ್ಲ. ಆಪರೇಷನ್ ಮಾಡಿಸಿ, ರಿಪೇರಿ ಸಾಧ್ಯ ಎನ್ನುತ್ತಾರೆ. ಚೆನ್ನಾಗಿರುವಾಗಲೇ ಎದೆ ಕೊಯ್ಸಿಕೊಳ್ಳಬೇಕೆ?
— ಓದುಗರು, ಶಿರಸಿ

ಉತ್ತರ: ನಿಮ್ಮದು ಕಿರಿದಾದ ಕವಾಟವಲ್ಲ, ಸರಿಯಾಗಿ ಮುಚ್ಚದ ಕವಾಟ. ಹಿಂಬದಿ ಎಸಳಿನ ನಡುಭಾಗಕ್ಕೆ ಪಿ2 ಎನ್ನುತ್ತಾರೆ. ಅದನ್ನು ಹಿಡಿದಿರುವ ದಾರ ಉದ್ದವಾಗಿಯೋ ಕಡಿದುಹೋಗಿಯೋ ಎಸಳು ಮೇಲಕ್ಕೆ ಮಗುಚುತ್ತಿದೆ. ರಿಪೇರಿಗೆ ಇದಕ್ಕಿಂತ ಅನುಕೂಲವಾದ ಕವಾಟ ಇನ್ನೊಂದಿಲ್ಲ. ಸ್ವಂತ ಕವಾಟ ಉಳಿಯುತ್ತದೆ, ಯಾಂತ್ರಿಕ ಕವಾಟದವರಂತೆ ಜೀವನಪೂರ್ತಿ ಅಸಿಟ್ರಾಮಿಗೆ ಕಟ್ಟುಬೀಳಬೇಕಾಗಿಲ್ಲ.

ಸುಸ್ತು ಇಲ್ಲವೆಂಬುದನ್ನೇ ನಂಬಬೇಡಿ. ಎಕೋದಲ್ಲಿ ಎರಡು ಅಂಕಿ ನೋಡಿ. ಸೋರಿಕೆ ತೀವ್ರವಾಗಿದ್ದು ಇಎಫ್ (ಪ್ರತಿ ಬಡಿತಕ್ಕೆ ಕೆಳಗಿನ ಕೋಣೆ ಹೊರತಳ್ಳುವ ರಕ್ತದ ಶೇಕಡಾವಾರು) 60ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದಿದ್ದರೆ, ಇಲ್ಲವೇ ಹೃದಯ ಕುಗ್ಗಿದಾಗಿನ ಅಳತೆ 40 ಮಿ.ಮೀ. ಮುಟ್ಟಿದ್ದರೆ, ಸ್ನಾಯು ಆಗಲೇ ಸೋಲಲು ಶುರುವಾಗಿದೆ. ಬೇರೆ ಕಾಯಿಲೆಯಲ್ಲಿ 60 ಒಳ್ಳೆಯ ಅಂಕಿ. ಇಲ್ಲಿ ಅರ್ಧ ರಕ್ತ ಸಲೀಸಾಗಿ ಹಿಂದಕ್ಕೇ ಹೋಗುತ್ತಿರುವುದರಿಂದ ಅದು ಮೋಸದ ಅಂಕಿ.

ಹಾರ್ಟ್‌–ಲಂಗ್ ಯಂತ್ರಕ್ಕೆ ಜೋಡಿಸಿ, ಪೊಟ್ಯಾಸಿಯಂ ದ್ರಾವಣದಿಂದ ಹೃದಯ ನಿಲ್ಲಿಸಿ, ಮಗುಚಿದ ತುಣುಕನ್ನು ತ್ರಿಕೋನವಾಗಿ ಕತ್ತರಿಸಿ ಹೊಲಿಯುತ್ತಾರೆ, ಇಲ್ಲವೇ ಗೋರ್‌ಟೆಕ್ಸ್ ಎಳೆಗಳಿಂದ ಹೊಸ ದಾರ ಕಟ್ಟುತ್ತಾರೆ. ಹಿಗ್ಗಿದ ಬಾಗಿಲಚೌಕಟ್ಟು ಮತ್ತೆ ಹಿಗ್ಗದಂತೆ ಸುತ್ತ ಒಂದು ಉಂಗುರ ಹೊಲಿಯುತ್ತಾರೆ. ಫ್ರಾನ್ಸಿನ ಅಲೈನ್ ಕಾರ್ಪೆಂಟಿಯೆ ಈ ವಿದ್ಯೆಗೆ ಕ್ರಮ ಕಟ್ಟಿಕೊಟ್ಟವರು. ಕೊನೆಗೆ ಸಲೈನ್ ತುಂಬಿ ಸೋರಿಕೆ ನೋಡುತ್ತಾರೆ, ಹೃದಯ ಮತ್ತೆ ಬಡಿಯತೊಡಗಿದ ಮೇಲೆ ಗಂಟಲಿನ ಎಕೋದಲ್ಲಿ ಖಚಿತಪಡಿಸಿಕೊಳ್ಳುತ್ತಾರೆ. ಉಂಗುರ ತೀರ ಚಿಕ್ಕದಾದರೆ ಅಥವಾ ಹಿಂಬದಿ ಎಸಳು ಎತ್ತರ ಉಳಿದರೆ, ಮುಂಬದಿ ಎಸಳು ರಕ್ತ ಹೊರಹೋಗುವ ದಾರಿಗೆ ಅಡ್ಡಬೀಳುತ್ತದೆ. ಮೇಜಿನ ಮೇಲಿರುವಾಗಲೇ ಅದನ್ನು ಸರಿಪಡಿಸಬೇಕು. ಅದಕ್ಕೇ ಶಸ್ತ್ರವೈದ್ಯರನ್ನು ನೇರವಾಗಿ ಕೇಳಿ: ವರ್ಷಕ್ಕೆ ಎಷ್ಟು ಮೈಟ್ರಲ್ ರಿಪೇರಿ ಮಾಡುತ್ತೀರಿ, ಅದರಲ್ಲಿ ಎಷ್ಟು ಬದಲಾವಣೆಯಲ್ಲಿ ಮುಗಿಯುತ್ತವೆ? ಇದು ಅವಮಾನದ ಪ್ರಶ್ನೆಯಲ್ಲ, ನಿಮ್ಮ ಹಕ್ಕು.

ಉಂಗುರ ಹಾಕಿಸಿಕೊಂಡ ಮೇಲೆ ಹಲ್ಲು ಕೀಳಿಸುವ ಮುಂಚೆ ಪ್ರತಿಜೈವಿಕ ಬೇಕೆಂದು ದಂತವೈದ್ಯರಿಗೆ ತಿಳಿಸಿ. ಅಲರ್ಜಿ ಇಲ್ಲದ ವಯಸ್ಕರಿಗೆ ಸಾಮಾನ್ಯವಾಗಿ ಅರ್ಧ–ಒಂದು ಗಂಟೆ ಮೊದಲು 2 ಗ್ರಾಂ ಅಮಾಕ್ಸಿಸಿಲಿನ್.

ಪ್ರಶ್ನೆ: ನಾದಿನಿ ಐದು ತಿಂಗಳ ಬಸುರಿ. ಈಗ ಕವಾಟ ಕಿರಿದಾಗಿರುವುದು ಗೊತ್ತಾಗಿದೆ. ಬಲೂನ್ ಮಾಡಿದರೆ ಮಗುವಿಗೆ ಎಕ್ಸ್‌ರೇ ತಾಗುವುದಿಲ್ಲವೇ?
— ಓದುಗರು, ಸಿಂಧನೂರು

ಉತ್ತರ: ಬಸಿರಿನಲ್ಲಿ ರಕ್ತದ ಪ್ರಮಾಣ 40–50 ಶೇಕಡಾ ಏರುತ್ತದೆ, ನಾಡಿ ವೇಗವಾಗಿ ಕವಾಟ ತೆರೆದಿರುವ ಹೊತ್ತು ಕಡಿಮೆಯಾಗುತ್ತದೆ. ಆದ್ದರಿಂದಲೇ ಈಗ ಬೆಳಕಿಗೆ ಬಂದಿದೆ. ಮೊದಲು ನಾಡಿ ಇಳಿಸುವ ಮಾತ್ರೆ, ನೀರಿಳಿಸುವ ಮಾತ್ರೆ, ವಿಶ್ರಾಂತಿ. ಅಷ್ಟಕ್ಕೂ ಉಸಿರಾಟ ಹಿಡಿತಕ್ಕೆ ಬರದಿದ್ದರೆ ಬಲೂನ್ ಮಾಡಬಹುದು, 20 ವಾರದ ನಂತರ ಮಾಡುವುದು ವಾಡಿಕೆ. ಹೊಟ್ಟೆಗೆ ಸೀಸದ ಹೊದಿಕೆ ಹಾಕಿ, ಎಕೋ ನೋಡಿಕೊಂಡು ಎಕ್ಸ್‌ರೇ ಹೊತ್ತನ್ನು ಆದಷ್ಟು ಕಿರಿದು ಮಾಡುತ್ತಾರೆ. ತಾಯಿಯ ಶ್ವಾಸಕೋಶದಲ್ಲಿ ನೀರು ತುಂಬುವುದು ಮಗುವಿಗೆ ಅದಕ್ಕಿಂತ ಬಹಳ ದೊಡ್ಡ ಅಪಾಯ. ಹೆರಿಗೆ ಹೃದ್ರೋಗ ತಜ್ಞರೂ ಇರುವ ಆಸ್ಪತ್ರೆಯಲ್ಲೇ ಆಗಲಿ.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಬಲೂನ್ ಆಯಿತು, ಈಗ 24 ವರ್ಷ. ಚೆನ್ನಾಗಿದ್ದೇನೆ. ಇನ್ನೂ ಪೆನಿಸಿಲಿನ್ ಚುಚ್ಚಿಸಿಕೊಳ್ಳಬೇಕೆ?
— ಓದುಗರು, ಅರಸೀಕೆರೆ

ಉತ್ತರ: ಬೇಕೇ ಬೇಕು. ಬಲೂನ್ ಅಂಟನ್ನು ಬಿಡಿಸುತ್ತದೆ, ಅಂಟಿಸಿದ ಕಾಯಿಲೆಯನ್ನು ತಡೆಯುವುದಿಲ್ಲ. ಮತ್ತೊಮ್ಮೆ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಗಂಟಲಿಗೆ ಬಂದರೆ ಕವಾಟ ಮತ್ತೆ ಉರಿದು, ಮತ್ತೆ ಅಂಟುತ್ತದೆ. ಬೆಂಜಥೀನ್ ಪೆನಿಸಿಲಿನ್ 12 ಲಕ್ಷ ಯೂನಿಟ್, 21 ದಿನಕ್ಕೊಮ್ಮೆ, ಪೃಷ್ಠದ ಸ್ನಾಯುವಿನೊಳಗೆ ಆಳವಾಗಿ. ಕವಾಟಕ್ಕೆ ಪೆಟ್ಟಾಗಿರುವ ನಿಮ್ಮಂಥವರಿಗೆ ಕನಿಷ್ಠ 40 ವರ್ಷ ವಯಸ್ಸಿನವರೆಗೆ. ನಿಲ್ಲಿಸುವ ತೀರ್ಮಾನ ಹೃದ್ರೋಗ ತಜ್ಞರದು, ಔಷಧಿ ಅಂಗಡಿಯವರದಲ್ಲ.

ಈ ಔಷಧಿ ಹಾಲಿನಂತೆ ಗಟ್ಟಿ. ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ, ಹಾಗಾಗಿ ದಪ್ಪ ಸೂಜಿ ಬಳಸಿ, ಪುಡಿ ಪೂರ್ತಿ ಕರಗಿಸಿ, ನಿಧಾನವಾಗಿ ಚುಚ್ಚಬೇಕು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಮಲಗಿಕೊಂಡೇ ಚುಚ್ಚಿಸಿಕೊಳ್ಳಿ, ಆಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಅಲರ್ಜಿಯಾದರೆ ತುರ್ತಿಗೆ ಅಡ್ರಿನಲಿನ್ ಚುಚ್ಚುಮದ್ದು ಇರುವ ಜಾಗವೇ ಆಗಬೇಕು. ಇಂಜೆಕ್ಷನ್ ಸಿಗದ ತಿಂಗಳು ಸುಮ್ಮನಿರದೆ, ದಿನಕ್ಕೆರಡು ಸಲ 250 ಮಿ.ಗ್ರಾಂ. ಪೆನಿಸಿಲಿನ್ ಮಾತ್ರೆ ಬರೆದುಕೊಡುವಂತೆ ವೈದ್ಯರನ್ನು ಕೇಳಿ. ಕ್ಯಾಲೆಂಡರಿನಲ್ಲಿ ಮುಂದಿನ 21ನೇ ದಿನವನ್ನು ಇವತ್ತೇ ಗುರುತು ಹಾಕಿಕೊಳ್ಳಿ. ವರ್ಷಕ್ಕೊಮ್ಮೆ ಎಕೋ ಮಾಡಿಸಿ, ಹಳೆಯ ರಿಪೋರ್ಟಿನೊಂದಿಗೆ ಹೊಸ ಅಳತೆಯನ್ನು ಹೋಲಿಸಿ ನೋಡಲು ಹೇಳಿ.