ಯಾರಾದರೂ ತೀರಾ ಹತ್ತಿರ ಬಂದು ಮೈಮೇಲೆ ಬಿದ್ದರೆ, ತರಬೇತಿ ಇಲ್ಲದವರು ಹೇಗೆ ಹೊಡೆಯಬೇಕು?

ಮುಷ್ಟಿ ಕಟ್ಟಿ ಮುಖಕ್ಕೆ ಗುದ್ದುವ ಯೋಚನೆ ಮೊದಲು ಬಿಡಿ. ತಲೆಬುರುಡೆ ಗಟ್ಟಿ, ಕೈಯ ಮೂಳೆಗಳು ಸಣ್ಣವು. ಹೀಗೆ ಗುದ್ದಿ ಕಿರುಬೆರಳಿನ ಗೆಣ್ಣಿನ ಹಿಂದಿನ ಮೂಳೆ ಮುರಿದುಕೊಳ್ಳುವವರು ಜಾಸ್ತಿ. ವೈದ್ಯರು ಅದನ್ನು ಬಾಕ್ಸರ್ಸ್ ಫ್ರ್ಯಾಕ್ಚರ್ ಎಂದೇ ಕರೆಯುತ್ತಾರೆ.

ಅದರ ಬದಲು ಅಂಗೈಯ ಬುಡ ಬಳಸಿ. ಬೆರಳುಗಳನ್ನು ಹಿಂದಕ್ಕೆ ಬಾಗಿಸಿ, ಮಣಿಕಟ್ಟಿನ ಹತ್ತಿರದ ದಪ್ಪ ಭಾಗದಿಂದ ಮೂಗಿಗೋ ಗದ್ದಕ್ಕೋ ನೇರವಾಗಿ ಹೊಡೆಯಿರಿ. ಬರೀ ತೋಳಿನ ಬಲ ಸಾಲದು. ಹಿಂದಿನ ಪಾದ ಊರಿ ಸೊಂಟ ತಿರುಗಿಸಿದರೆ ಇಡೀ ಮೈಭಾರ ಏಟಿಗೆ ಸೇರುತ್ತದೆ. ಮೂಗಿಗೆ ಬಿದ್ದರೆ ಕಣ್ಣಲ್ಲಿ ನೀರು ತುಂಬುತ್ತದೆ. ತಪ್ಪಿಸಿಕೊಳ್ಳಲು ಸಮಯ ಸಿಗುವುದು ಆಗಲೇ.

ಕೈ ಚಾಚಲೂ ಜಾಗವಿಲ್ಲವೇ? ಮೊಣಕೈಯನ್ನು ಅಡ್ಡಲಾಗಿ ಬೀಸಿ. ಹಿಂದಿನಿಂದ ತಬ್ಬಿ ಹಿಡಿದಿದ್ದರೆ ಅದೇ ಮೊಣಕೈಯಿಂದ ಪಕ್ಕೆಗೆ ತಿವಿಯಿರಿ. ಎದುರಿಗಿದ್ದರೆ ಭುಜ ಹಿಡಿದೆಳೆದು ಮೊಣಕಾಲಿನಿಂದ ತೊಡೆಸಂದಿಗೆ ಒದೆಯಬಹುದು. ಇದನ್ನೊಂದೇ ನಂಬಬೇಡಿ, ಬಹಳಷ್ಟು ಜನ ಈ ಏಟನ್ನು ಮೊದಲೇ ನಿರೀಕ್ಷಿಸುತ್ತಾರೆ.

ಒಂದು ಏಟು ಹಾಕಿ ನಿಂತು ನೋಡಬಾರದು. ಬಿಡದೆ ಎರಡು ಮೂರು ಏಟು, ಜೋರಾಗಿ ಕೂಗು, ಹಿಡಿತ ಸಡಿಲವಾದ ತಕ್ಷಣ ಓಟ. ಎದುರಿನವನ ಕೈಯಲ್ಲಿ ಚಾಕು ಇದ್ದು, ಕೇಳುತ್ತಿರುವುದು ಪರ್ಸ್ ಮಾತ್ರ ಆಗಿದ್ದರೆ ದಯವಿಟ್ಟು ಕೊಟ್ಟುಬಿಡಿ.