ಭ್ರಷ್ಟ ಅಧಿಕಾರಿಗೆ ಅಮೆರಿಕ ವೀಸಾ ನಿಷೇಧಿಸಿದರೆ ನಷ್ಟವೇನು?

ಬೀದರಿನ ವಿದ್ಯಾರ್ಥಿಯೊಬ್ಬರ ಪ್ರಶ್ನೆ: ವೀಸಾ ಇಲ್ಲವೆಂದರೆ ಆ ದೊಡ್ಡವರು ಬೇರೆ ದೇಶಕ್ಕೆ ಹೋಗುತ್ತಾರೆ, ಅದೂ ಒಂದು ಶಿಕ್ಷೆಯೇ?

ನಮ್ಮ ಕಡೆಯವರು ಹೈದರಾಬಾದಿನ ಕಾನ್ಸುಲೇಟಿನಲ್ಲಿ ವೀಸಾ ಸಿಗದಿದ್ದರೆ ಮತ್ತೆ ಅರ್ಜಿ ಹಾಕುತ್ತಾರೆ, ಯಾರಿಗೂ ಸುದ್ದಿಯಾಗುವುದಿಲ್ಲ. ಇದು ಹಾಗಲ್ಲ. ಅಮೆರಿಕದ ಅನುದಾನ ಕಾಯ್ದೆಯ 7031(ಸಿ) ಕಲಮಿನಡಿ, ವಿದೇಶಿ ಅಧಿಕಾರಿಯ ಗಣನೀಯ ಭ್ರಷ್ಟಾಚಾರದ ಬಗ್ಗೆ ನಂಬಲರ್ಹ ಮಾಹಿತಿ ವಿದೇಶಾಂಗ ಸಚಿವರಿಗೆ ಸಿಕ್ಕರೆ ಸಾಕು, ನ್ಯಾಯಾಲಯದ ತೀರ್ಪು ಬೇಕಿಲ್ಲ. ಹೆಸರನ್ನು ಬಹಿರಂಗವಾಗಿಯೇ ಪ್ರಕಟಿಸಬಹುದು. ಹತ್ತಿರದ ಕುಟುಂಬದವರಿಗೂ ಪ್ರವೇಶವಿಲ್ಲ. ನನ್ನ ಮಟ್ಟಿಗೆ ನಿಜವಾಗಿ ಚುಚ್ಚುವುದು ಇದೇ: ಮಗಳ ಅಮೆರಿಕದ ಓದು ನಿಂತರೆ ಮನೆಯೊಳಗೇ ವಿಚಾರಣೆ ಶುರುವಾಗುತ್ತದೆ! 2021ರಲ್ಲಿ ಅಲ್ಬೇನಿಯಾದ ಮಾಜಿ ಪ್ರಧಾನಿ ಸಾಲಿ ಬೆರಿಶಾ ಅವರೊಂದಿಗೆ ಪತ್ನಿ, ಮಕ್ಕಳಿಗೂ ನಿಷೇಧ ಬಿತ್ತು.

ಪ್ರಜಾಪ್ರಭುತ್ವವನ್ನು ಬುಡಮೇಲು ಮಾಡುವವರಿಗಾಗಿ ಮಧ್ಯ ಅಮೆರಿಕದ ಕೆಲವು ದೇಶಗಳಿಗೆ ಪ್ರತ್ಯೇಕ ಪಟ್ಟಿಯಿದೆ. ಗ್ವಾಟೆಮಾಲಾದ ಅಟಾರ್ನಿ ಜನರಲ್ ಕೊನ್ಸುವೆಲೊ ಪೊರಾಸ್ 2021ರಲ್ಲಿ ಅದಕ್ಕೆ ಸೇರಿದರು. ಮರುವರ್ಷ ಅಲ್ಲಿನ ಅಧ್ಯಕ್ಷರು ಅವರನ್ನು ಅದೇ ಹುದ್ದೆಗೆ ಮತ್ತೆ ನೇಮಿಸಿದರು. ಹಾಗಾಗಿ ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಅಧಿಕಾರದಲ್ಲಿ ಗಟ್ಟಿಯಾಗಿ ಕುಳಿತವರನ್ನು ವೀಸಾ ನಿಷೇಧವೊಂದೇ ಅಲುಗಿಸುವುದಿಲ್ಲ.

ಆಸ್ತಿ ಸ್ಥಗಿತಗೊಳಿಸುವ ಅಧಿಕಾರ ಬೇರೆ, ಅದಕ್ಕೆ 2016ರ ಗ್ಲೋಬಲ್ ಮ್ಯಾಗ್ನಿಟ್ಸ್ಕಿ ಕಾಯ್ದೆಯಿದೆ.