ಹಳೇ ಮನೆ, ಹಾವಿನ ಪೊರೆ, ನೆಲದ ಮೇಲಿನ ಹಾಸಿಗೆ

ಪ್ರಶ್ನೆ: ಮಾವನವರು ತೀರಿಕೊಂಡ ಮೇಲೆ ಬೀಗ ಹಾಕಿದ್ದ ಊರ ಮನೆಗೆ ಈ ಬೇಸಿಗೆಯಲ್ಲಿ ವಾಪಸ್ ಬಂದಿದ್ದೇವೆ. ಮಣ್ಣಿನ ಗೋಡೆಯ ಮಾಳಿಗೆ ಮನೆ. ಹಿಂದೆ ದನದ ಕೊಟ್ಟಿಗೆ, ಅಂಗಳದಲ್ಲಿ ನೆಲದಡಿ ಕಾಳು ಕೂಡಿಡುವ ಹಳೇ ಹಗೇವು. ಹಿತ್ತಲಲ್ಲಿ ಕುಳ್ಳಿನ ರಾಶಿ ತೆಗೆಯುವಾಗ ನಾಗರಹಾವು ಹೆಡೆ ಎತ್ತಿತು. ಆಮೇಲೆ ಅಟ್ಟದಲ್ಲಿ ಉದ್ದನೆಯ ಪೊರೆ ಸಿಕ್ಕಿತು, ಪಡಸಾಲೆಯ ಮೂಲೆಯಲ್ಲಿ ಇನ್ನೊಂದು, ಸಣ್ಣದು. ಎರಡನ್ನೂ ಕಳಿಸಿದ್ದೇನೆ. "ನಾಗಪ್ಪ ಮನಿ ಹಿರ್ಯಾ ಇದ್ದಂಗ, ಏನೂ ಮಾಡಬ್ಯಾಡ್ರಿ" ಅಂತಾರೆ ಅತ್ತೆ. ಮಕ್ಕಳಿಬ್ಬರೂ ಪಡಸಾಲೆಯಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಾರೆ. ನನಗೆ ನಿದ್ದೆ ಹತ್ತುತ್ತಿಲ್ಲ.
– ಓದುಗರು, ಕುಂದಗೋಳ ತಾಲ್ಲೂಕು

ಉತ್ತರ: ತಂಗಿ, ಉಳಿದದ್ದೆಲ್ಲ ಆಮೇಲೆ. ಇವತ್ತು ರಾತ್ರಿಯಿಂದ ಮಕ್ಕಳನ್ನು ನೆಲದ ಮೇಲೆ ಮಲಗಿಸಬೇಡಿ. ಮಂಚವೋ ಹೊರಸೋ ಏನಿದೆಯೋ ಅದನ್ನು ಗೋಡೆಯಿಂದ ಸ್ವಲ್ಪ ದೂರ ಎಳೆದು ಹಾಕಿ. ಸೊಳ್ಳೆಪರದೆ ಕಟ್ಟಿ, ಅದರ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಗಿಸಿ. ಹೊದಿಕೆ ನೆಲಕ್ಕೆ ಜೋತು ಬೀಳದಂತೆ ನೋಡಿಕೊಳ್ಳಿ.

ನೀವು ಹೆದರಿದ್ದು ಹೆಡೆ ಎತ್ತಿದ ನಾಗರಕ್ಕೆ. ನನ್ನ ಎದೆ ಧಸಕ್ಕೆಂದದ್ದು ಆ ಸಣ್ಣ ಪೊರೆ ನೋಡಿ. ಎರಡನ್ನೂ ನೀರಲ್ಲಿ ನೆನೆಸಿ, ಪೇಪರ್ ಮೇಲೆ ಬಿಡಿಸಿ, ಭೂತಗನ್ನಡಿ ಹಿಡಿದು ನೋಡಿದೆ. ಅಟ್ಟದ ಉದ್ದನೆಯ ಪೊರೆ ಕೇರೆ ಹಾವಿನದು. ಅದಕ್ಕೆ ವಿಷ ಇಲ್ಲ, ಇಲಿ ಹಿಡಿಯಲು ಬಂದಿದೆ, ಬಿಟ್ಟುಬಿಡಿ. ಪಡಸಾಲೆಯದು ಬೇರೆ. ಅದರ ಬೆನ್ನಿನ ನಟ್ಟನಡುವೆ ಒಂದು ಸಾಲು ಹುರುಪೆ ಅಕ್ಕಪಕ್ಕದವುಗಳಿಗಿಂತ ದೊಡ್ಡದಾಗಿ, ಆರು ಮೂಲೆಯಾಗಿ ಇದೆ. ಬಾಲದ ತಳದಲ್ಲೂ ಹುರುಪೆ ಒಂದೊಂದೇ ಅಗಲವಾಗಿವೆ. ನಾಗರಕ್ಕಾದರೆ ಅಲ್ಲಿ ಜೋಡಿ ಇರುತ್ತದೆ. ಇದು ಕಟ್ಟು ಹಾವು. ಕೆಲವು ಕಡೆ ಕಡಂಬಳ ಅಂತಾರೆ. ಕಪ್ಪು ಮೈ, ತೆಳುವಾದ ಬಿಳಿ ಪಟ್ಟೆ. ಪೊರೆ ಬಿಟ್ಟ ಹಾವು ಅಲ್ಲೇ ಕೂತಿರುತ್ತದೆ ಅಂತಲ್ಲ. ಆದರೆ ಅದಕ್ಕೆ ಪಡಸಾಲೆಯ ದಾರಿ ಗೊತ್ತು.

ನಾಗರ ಹೆಡೆ ಎತ್ತುತ್ತದೆ, ಬುಸುಗುಡುತ್ತದೆ, ನಿಮಗೆ ಹಿಂದೆ ಸರಿಯಲು ಸಮಯ ಕೊಡುತ್ತದೆ. ಕಟ್ಟು ಹಾವು ಹಾಗಲ್ಲ. ಹಗಲು ಬಿಲದಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ. ರಾತ್ರಿ ಇಲಿ, ಹಲ್ಲಿ, ಬೇರೆ ಹಾವುಗಳನ್ನು ಹುಡುಕಿಕೊಂಡು ಗೋಡೆಯ ಬುಡದಲ್ಲಿ ಹರಿದಾಡುತ್ತದೆ. ನೆಲದ ಮೇಲೆ ಮಲಗಿದವರು ನಿದ್ದೆಯಲ್ಲಿ ಹೊರಳಿ ಅದರ ಮೇಲೆ ಕೈ ಹಾಕಿದರೆ ಕಚ್ಚುತ್ತದೆ. ಹಲ್ಲು ತೀರಾ ಸಣ್ಣ. ನೋವೂ ಇಲ್ಲ, ಬಾವೂ ಇಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು ಅಂತ ಏಳುತ್ತಾರೆ. ಮನೆಯವರು ಗ್ಯಾಸು, ಅಜೀರ್ಣ ಅಂತ ಓಂಕಾಳು ಕೊಟ್ಟು ಮಲಗಿಸುತ್ತಾರೆ. ಆಮೇಲೆ ರೆಪ್ಪೆ ಇಳಿಬೀಳುತ್ತದೆ, ನಾಲಿಗೆ ತೊದಲುತ್ತದೆ, ನುಂಗಲು ಆಗುವುದಿಲ್ಲ, ಕೊನೆಗೆ ಉಸಿರೇ ನಿಲ್ಲುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದವರಿಗೆ ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಭಾರವಾದರೆ, ಹಾವು ಕಂಡಿರಲಿ ಬಿಡಲಿ, ಆಸ್ಪತ್ರೆಗೆ ಹೊರಡಿ. ಇದನ್ನು ಅತ್ತೆಯವರಿಗೂ, ಅಕ್ಕಪಕ್ಕದ ಮನೆಯವರಿಗೂ ಹೇಳಿ.

ಹೊರಡುವುದು ಅಂದರೆ ಹೀಗೆ. ಕಚ್ಚಿದ ಕೈ ಅಥವಾ ಕಾಲಿಗೆ ಕಟ್ಟಿಗೆಯ ಪಟ್ಟಿ ಇಟ್ಟು ಅಲುಗಾಡದಂತೆ ಸಡಿಲವಾಗಿ ಕಟ್ಟಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಹಗ್ಗದಿಂದ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ನಾಟಿ ಔಷಧಿಯವರ ಮನೆ ಮುಂದೆ ಕಳೆಯುವ ಅರ್ಧ ಗಂಟೆಯೂ ಬೇಡ. 108ಕ್ಕೆ ಫೋನ್ ಮಾಡಿ. ಅದು ತಡವಾದರೆ ಸಿಕ್ಕ ಗಾಡಿ ಹತ್ತಿ. ಹಾವು ಹುಡುಕಿ ಕೊಂದು ಜೊತೆಗೆ ಒಯ್ಯುವ ಅಗತ್ಯ ಇಲ್ಲ. ನಮ್ಮಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ಒಂದೇ. ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಅದನ್ನೇ ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ. ಕಟ್ಟು ಹಾವಿನ ವಿಷಕ್ಕೆ ಕೆಲವರಿಗೆ ಉಸಿರಾಟದ ಯಂತ್ರವೂ ಬೇಕಾಗುತ್ತದೆ. ಅದಕ್ಕೇ ಹತ್ತಿರದ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಶುರು ಮಾಡಿಸಿ, ಅವರು ಹೇಳಿದರೆ ತಡಮಾಡದೆ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ (ಕೆಎಂಸಿಆರ್‌ಐ, ಮೊದಲಿನ ಕಿಮ್ಸ್) ಹೋಗಿ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ ಇದು.

ಇನ್ನು ಮನೆ. ಹಾವು ಬರುವುದು ಇಲಿ, ಕಪ್ಪೆಗೆ. ಫಿನಾಯಿಲ್, ಬೆಳ್ಳುಳ್ಳಿ ನೀರು, ಅಂಗಡಿಯ ಪುಡಿ ಯಾವುದಕ್ಕೂ ಅದು ಹೆದರುವುದಿಲ್ಲ, ದುಡ್ಡು ಸುಮ್ನೆ ಹಾಳು. ಜೋಳದ ಚೀಲ ಗೋಡೆಗೆ ಒರಗಿಸದೆ ಮುಚ್ಚಳದ ಡಬ್ಬಿಗೆ ತುಂಬಿ. ಗೋಡೆಯ ಬುಡದ ತೂತುಗಳನ್ನು ಸಿಮೆಂಟು, ಕಲ್ಲುಚೂರು ಹಾಕಿ ಮುಚ್ಚಿ. ಬಚ್ಚಲ ನೀರು ಹೋಗುವ ಕಂಡಿಗೆ ಸಣ್ಣ ಕಣ್ಣಿನ ಜಾಳಿಗೆ ಕೂಡಿಸಿ. ತಲೆಬಾಗಿಲ ಕೆಳಗಿನ ಸಂದು ಕೈಬೆರಳು ತೂರುವಷ್ಟು ಇದ್ದರೂ ಜಾಸ್ತಿಯೇ, ಒಂದು ಪಟ್ಟಿ ಹೊಡೆಸಿ. ಕುಳ್ಳು, ಕಟ್ಟಿಗೆ, ಕಣಕಿ ಬಣವಿ ಮನೆಗೋಡೆಯಿಂದ ದೂರ ಇರಲಿ. ಕುಳ್ಳು ತೆಗೆಯುವ ಮುಂಚೆ ಕೋಲಿನಿಂದ ಬಡಿದು ಸರಿಸಿ, ಬರಿಗೈ ಹಾಕಬೇಡಿ. ರಾತ್ರಿ ಬಚ್ಚಲಿಗೆ ಹೋಗುವಾಗಲೂ ಬ್ಯಾಟರಿ ಬೇಕು.

ಹಗೇವಿನೊಳಗೆ ಹಾವಿದೆಯಾ ಅಂತ ಯಾರೂ ಇಳಿಯಬಾರದು. ಅಲ್ಲಿ ಹಾವಿಗಿಂತ ಗಾಳಿ ಅಪಾಯ. ವರ್ಷಗಟ್ಟಲೆ ಮುಚ್ಚಿದ ಗುಂಡಿಯಲ್ಲಿ ಉಸಿರು ಕಟ್ಟುವ ಗಾಳಿ ನಿಂತಿರುತ್ತದೆ, ಇಳಿದವರು ಅಲ್ಲೇ ಕುಸಿಯುತ್ತಾರೆ. ಬಾಯಿಗೆ ಗಟ್ಟಿ ಹಾಸುಗಲ್ಲು ಮುಚ್ಚಿಬಿಡಿ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಕೊಲ್ಲಬಾರದು ಅನ್ನುವ ಅವರ ಮನಸ್ಸು ದೊಡ್ಡದು, ಕಾನೂನು ಹೇಳುವುದೂ ಅದನ್ನೇ. 1972ರ ವನ್ಯಜೀವಿ ಕಾಯ್ದೆ ನಾಗರಕ್ಕೂ ರಕ್ಷಣೆ ಕೊಟ್ಟಿದೆ. ಹಿತ್ತಲಲ್ಲಿ ಹಾದುಹೋಗುವ ನಾಗರವನ್ನು ದೂರ ನಿಂತು ಹೋಗಲು ಬಿಡಿ. ಮನೆಯೊಳಗೆ ಬಂದರೆ ಮಾತ್ರ ಅರಣ್ಯ ಇಲಾಖೆಯವರನ್ನೋ ನುರಿತ ಹಾವು ಹಿಡಿಯುವವರನ್ನೋ ಕರೆಸಿ. ಅವರು ಬರುವ ತನಕ ಒಬ್ಬರು ದೂರದಿಂದ ಹಾವಿನ ಮೇಲೆ ಕಣ್ಣಿಟ್ಟಿರಲಿ. ಪಂಚಮಿಗೆ ಅತ್ತೆಯವರು ಕಲ್ಲು ನಾಗಪ್ಪನಿಗೆ ಹಾಲೆರೆಯಲಿ. ಹುತ್ತದೊಳಗೆ ಸುರಿದರೆ ಒಳಗಿರುವ ಜೀವಕ್ಕೆ ತೊಂದರೆ, ಹಾಲು ಹಾವಿನ ಆಹಾರ ಅಲ್ಲ.

ಪ್ರಶ್ನೆ: ನಾಗರ ಹೆಣ್ಣು, ಕೇರೆ ಅದರ ಗಂಡು ಅಂತಾರೆ. ಹೊಲದಲ್ಲಿ ಎರಡು ಹಾವು ಹೆಣೆದುಕೊಂಡು ಎದ್ದದ್ದನ್ನು ನಾನೇ ನೋಡಿದ್ದೇನೆ. ನಿಜವೇ?
– ಓದುಗರು, ಬ್ಯಾಡಗಿ

ಉತ್ತರ: ಅಲ್ಲ. ಎರಡೂ ಬೇರೆ ಬೇರೆ ಜಾತಿ, ಎರಡರಲ್ಲೂ ಗಂಡು ಹೆಣ್ಣು ಇವೆ. ನೀವು ನೋಡಿದ್ದು ಬಹುಶಃ ಎರಡು ಗಂಡು ಕೇರೆಗಳ ಕಾದಾಟ. ಒಂದನ್ನೊಂದು ನೆಲಕ್ಕೆ ಒತ್ತಲು ನೋಡುತ್ತವೆ, ಸೋತದ್ದು ಹೊರಟುಹೋಗುತ್ತದೆ.

ಪ್ರಶ್ನೆ: ನಮ್ಮ ಹೊಲ ಕಪ್ಪತಗುಡ್ಡದ ಬದಿಗೆ. ಹಳೇ ಕಲ್ಲಿನ ಒಡ್ಡು ಬಿಚ್ಚುವಾಗ ಗೇಣುದ್ದದ ಕಂದು ಹಾವು ಸುತ್ತಿಕೊಂಡು ಗರಗರ ಸದ್ದು ಮಾಡಿತು. ಮರಿ ಅಂತ ಬಿಟ್ಟೆವು.
– ಓದುಗರು, ಮುಂಡರಗಿ ತಾಲ್ಲೂಕು

ಉತ್ತರ: ಬಿಟ್ಟದ್ದು ಸರಿ. ಆದರೆ ಮರಿ ಅಂತ ಸಲಿಗೆ ಬೇಡ. ನೀವು ಹೇಳುವ ಸದ್ದು ಗರಗಸ ಮಂಡಲದ್ದು. ಮೈಯ ಪಕ್ಕದ ಒರಟು ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಆ ಸದ್ದು ಹೊರಡಿಸುತ್ತದೆ. ಬೆಳೆದದ್ದೂ ಉದ್ದ ಇರುವುದಿಲ್ಲ, ಕಚ್ಚುವುದು ಮಾತ್ರ ಕಣ್ಣು ಮಿಟುಕಿಸುವುದರೊಳಗೆ. ಅದರ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ; ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಕಾಣಿಸಬಹುದು. ಉಳಿದ ಒಡ್ಡನ್ನು ಹಾರೆಯಿಂದ ಮೀಟಿ ಬಿಚ್ಚಿ, ಕಲ್ಲಿನ ಸಂದಿಗೆ ಬೆರಳು ಹಾಕಬೇಡಿ. ಆಳುಗಳಿಗೂ ಬೂಟು ಕೊಡಿಸಿ.